ಮಾವ ಎಳೆದ ಬಾಣ

ನನ್ನ ಸೋದರಮಾವ ಯಾರ ಕೈಯಿಂದಲೂ ಒಂದು ಲೋಟ ಚಹಾ ಕೂಡ ಮುಟ್ಟದ ಅಧಿಕಾರಿ. ಇದನ್ನು ಮೊದಲೇ ಹೇಳಿ ಮುಗಿಸಿಬಿಡುತ್ತೇನೆ. ಅವನ ಬಗ್ಗೆ ಒಳ್ಳೆಯದು ಅಂತ ಹೇಳಲು ನನ್ನ ಹತ್ತಿರ ಇರುವುದು ಇಷ್ಟೇ.

ಮೊನ್ನೆ ಅವನು ನಿವೃತ್ತನಾದ. ಸಾರಿಗೆ ಕಚೇರಿಯ ಸಭಾಂಗಣದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಕರಕರ ಅನ್ನುವ ಮೈಕಿನಲ್ಲಿ ಬೀಳ್ಕೊಡುಗೆ ಭಾಷಣ ಮಾಡಿದರು. ದೊಡ್ಡ ಸಾಹೇಬರು ಎದ್ದು ನಿಂತು, "ಇವರ ಪ್ರಾಮಾಣಿಕತೆಗೆ ಬೇರೆ ಸಾಕ್ಷಿ ಬೇಕಾ? ಸ್ವಂತ ಭಾವನ ಲಾರಿಯನ್ನೇ ಬಿಡಲಿಲ್ಲ ಈ ಮನುಷ್ಯ!" ಅಂದರು. ಜನ ಚಪ್ಪಾಳೆ ತಟ್ಟಿದರು. ಮಾವ ತಲೆ ತಗ್ಗಿಸಿ, ಹೊಗಳಿಸಿಕೊಂಡು ಅಭ್ಯಾಸವಿಲ್ಲದವನ ಹಾಗೆ ಸಣ್ಣಗೆ ನಕ್ಕ. ನಾನು ಕೊನೆಯ ಸಾಲಿನಲ್ಲಿದ್ದೆ. ಅತ್ತೆ ಫೋನ್ ಮಾಡಿ ಕರೆದಳು ಅಂತ ಹೋಗಿದ್ದೇ ಹೊರತು ಮಾವನ ಮುಖ ನೋಡುವ ಆಸೆಯಿಂದಲ್ಲ.

ಆ ಭಾವ ಅಂದರೆ ನಮ್ಮಪ್ಪ. ಅಪ್ಪ ಈಗಿಲ್ಲ, ಲಾರಿಯೂ ಇಲ್ಲ. ಚಪ್ಪಾಳೆ ತಟ್ಟಿದವರಿಗೆ ಪೂರ್ತಿ ವಿಷಯ ಗೊತ್ತಿರಲಿಲ್ಲ. ಗೊತ್ತಾಗಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಎದುರಿಗೆ ಸಿಕ್ಕರೆ ಮಾವನಿಗೆ ನೀವು ಅನ್ನುತ್ತೇನೆ. ಬರೆಯುವಾಗ ಬಹುವಚನ ಕೊಡಲು ಕೈ ಏಳುವುದಿಲ್ಲ.

ಮಾವ ನಮ್ಮ ಮನೆಗೆ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಹೆತ್ತವರಿಬ್ಬರೂ ಹೋದ ಮೇಲೆ ಅಮ್ಮ ತನ್ನ ತಮ್ಮನನ್ನು ಜೊತೆಯಲ್ಲೇ ಕರೆದುಕೊಂಡು ಬಂದಳಂತೆ. ಹೊಸದಾಗಿ ಮದುವೆಯಾದ ಅಪ್ಪ, "ಬರಲಿ ಬಿಡು, ನಾವು ಉಂಡಿದ್ದನ್ನೇ ಅವನೂ ಉಣ್ತಾನೆ" ಅಂದನಂತೆ. ಆಗ ಮನೆ ಅಂದರೆ ಒಂದೇ ಕೋಣೆ, ಗೋಡೆಯ ಆಚೆಗೆ ಹಿಟ್ಟಿನ ಗಿರಣಿ. ಓದಲು ಆಗುವುದಿಲ್ಲ ಅಂತ ಮಾವ ಮುಖ ಊದಿಸಿಕೊಂಡಾಗ ಅಪ್ಪ ಲಾರಿಯ ಕ್ಯಾಬಿನ್ನನ್ನೇ ಬಿಟ್ಟುಕೊಟ್ಟ. ಸಂಜೆ ಲಾರಿ ಬಂದು ನಿಂತ ಕೂಡಲೇ ಮಾವ ಅದರೊಳಗೆ ಹತ್ತಿ, ಸಣ್ಣ ಬಲ್ಬು ಹಾಕಿಕೊಂಡು, ಸ್ಟೇರಿಂಗಿಗೆ ಪುಸ್ತಕ ಒರಗಿಸಿಕೊಂಡು ಓದುತ್ತಿದ್ದ. ಬೆಳಿಗ್ಗೆ ನೋಡಿದರೆ ಬ್ಯಾಟರಿ ಇಳಿದಿರುತ್ತಿತ್ತು. ಅಪ್ಪ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿ ತಿರುಗಿಸಿ ಇಂಜಿನ್ನಿಗೆ ಜೀವ ಬರಿಸುತ್ತಿದ್ದ. ಒಮ್ಮೆ ಹ್ಯಾಂಡಲ್ ಹಿಂದಕ್ಕೆ ಒದ್ದು ಅವನ ಮಣಿಕಟ್ಟು ಮುರಿಯಿತು. ಮಾವನ ಪರೀಕ್ಷೆ ಹತ್ತಿರವಿತ್ತು, ಹಾಗಾಗಿ ಆಗಲೂ ಬಲ್ಬು ಆರಿಸು ಅಂತ ಯಾರೂ ಅನ್ನಲಿಲ್ಲ.

ಓದಿದ ಮಾವ ವಾಹನ ತಪಾಸಣೆಯ ಅಧಿಕಾರಿಯಾದ. ಹಳೆಯ ಗಾಡಿಗಳ ಚಾಸಿ ನಂಬರು, ಇಂಜಿನ್ ನಂಬರು ನೋಂದಣಿ ಪುಸ್ತಕದಲ್ಲಿ ಇದ್ದ ಹಾಗೆಯೇ ಇವೆಯೇ, ಗಾಡಿ ನಿಜಕ್ಕೂ ಅರ್ಜಿ ಹಾಕಿದವನದ್ದೇ ಹೌದೇ ಅಂತ ನೋಡಿ ಬರೆಯುವುದು ಅವನ ಕೆಲಸ. ಚಾಸಿ ಅಂದರೆ ಗಾಡಿಯ ಬೆನ್ನೆಲುಬು, ಉದ್ದಕ್ಕೂ ಹೋಗುವ ಕಬ್ಬಿಣದ ತೊಲೆ. ಕಾರ್ಖಾನೆಯವರು ಅದರ ಮೈಗೆ ನಂಬರು ಗುದ್ದಿ ಕಳಿಸುತ್ತಾರೆ. ಇಂಜಿನ್ ಬದಲಾಗಬಹುದು, ಬಾಡಿ ಬದಲಾಗಬಹುದು, ಆ ನಂಬರು ಮಾತ್ರ ಬದಲಾಗುವ ಹಾಗಿಲ್ಲ. ಮಾವ ಸೀಮೆಎಣ್ಣೆ ಬಟ್ಟೆಯಿಂದ ಜಿಡ್ಡು ಒರೆಸಿ, ತೆಳುವಾದ ಕಾಗದವನ್ನು ಅದರ ಮೇಲೆ ಒತ್ತಿ ಹಿಡಿದು, ಪೆನ್ಸಿಲ್ಲನ್ನು ಅಡ್ಡ ಮಲಗಿಸಿ ಉಜ್ಜುತ್ತಿದ್ದ. ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಹಾಗೇ. ನಂಬರು ಕಾಗದದ ಮೇಲೆ ಮೂಡಿ ಬರುತ್ತದೆ. ಅದನ್ನು ಫೈಲಿಗೆ ಅಂಟಿಸಿದರೆ ಆಯಿತು, ಮುಂದೆ ಯಾರೂ ಗಾಡಿಯ ಹತ್ತಿರ ಹೋಗುವುದಿಲ್ಲ, ಕಾಗದವನ್ನೇ ನೋಡುತ್ತಾರೆ.

ಆದರೆ ಕಾಗದಕ್ಕೆ ತಲೆ ಬುಡ ಇರುವುದಿಲ್ಲ. ಕಿತ್ತು ಕೈಗೆ ತಗೊಂಡ ಮೇಲೆ ಯಾವುದು ಮೇಲು ಯಾವುದು ಕೆಳಗು ಅಂತ ಗೊಂದಲವಾಗಬಾರದು ಅಂತ, ಕೀಳುವುದಕ್ಕೆ ಮೊದಲೇ ಮಾವ ಅಂಚಿನಲ್ಲಿ ಒಂದು ಬಾಣದ ಗುರುತು ಎಳೆಯುತ್ತಿದ್ದ. "ಬಾಣ ಯಾವಾಗಲೂ ನನ್ನ ತಲೆ ಕಡೆ. ಇದು ನನ್ನ ಕಾನೂನು" ಅಂತ ಹೊಸದಾಗಿ ಸೇರಿದವರಿಗೆಲ್ಲ ಪಾಠ ಹೇಳುತ್ತಿದ್ದ. ಡ್ರೈವರುಗಳು ಅವನಿಗೆ ಭೂತಗನ್ನಡಿ ಅಂತ ಹೆಸರಿಟ್ಟಿದ್ದರು. ಅದು ಅವನ ಕಿವಿಗೂ ಬಿದ್ದಿತ್ತು, ಕೇಳಿ ಹಿರಿಹಿರಿ ಹಿಗ್ಗಿದ್ದ.

ಕಚೇರಿಯಲ್ಲಿ ಭೂತಗನ್ನಡಿ ಹಿಡಿದವನು ಮನೆಗೆ ಬಂದಾದರೂ ಕೆಳಗಿಡಬೇಕಲ್ಲ? ಇಲ್ಲ. ನಾನು ಹೈಸ್ಕೂಲಿನ ಕೊನೆಯ ಪರೀಕ್ಷೆಗೆ ಕೂರುವ ಹೊತ್ತಿನಲ್ಲಿ ನನ್ನ ಹುಟ್ಟಿದ ದಿನ ಶಾಲೆಯಲ್ಲಿ ಒಂದು, ಜನನ ಪತ್ರದಲ್ಲಿ ಇನ್ನೊಂದು ಇರುವುದು ಅವನ ಕಣ್ಣಿಗೆ ಬಿತ್ತು. ಅಮ್ಮ ಶಾಲೆಗೆ ಸೇರಿಸುವಾಗ ಅಂದಾಜಿನಲ್ಲಿ ಹೇಳಿದ್ದಳು. ಅವನು ನಮಗೆ ಹೇಳಲಿಲ್ಲ. ನೇರ ಹೆಡ್‌ಮಾಸ್ತರರ ಹತ್ತಿರ ಹೋಗಿ ಬರೆದುಕೊಟ್ಟ. ಅದನ್ನು ತಿದ್ದಿಸಿಕೊಂಡು ಬರುವಷ್ಟರಲ್ಲಿ ಪರೀಕ್ಷೆ ಮುಗಿದಿತ್ತು, ನನ್ನ ಒಂದು ವರ್ಷ ನೀರುಪಾಲಾಯಿತು. ಅಮ್ಮ ಅತ್ತು ಕೇಳಿದರೆ, "ಅಕ್ಕ, ತಪ್ಪು ಸಿಕ್ಕಿದ ಮೇಲೆ ಸುಮ್ಮನಿದ್ರೆ ನಾನೂ ತಪ್ಪಿತಸ್ಥನೇ ಆಗ್ತೀನಿ" ಅಂದ. ಎಷ್ಟು ಚೆನ್ನಾಗಿ ಹೇಳಿದ ನೋಡಿ. ಆ ಮಾತನ್ನು ನಾನು ಮರೆತಿಲ್ಲ.

ಅತ್ತೆಯ ಪಾಡಂತೂ ಕೇಳುವುದೇ ಬೇಡ. ಮನೆಗೆ ಯಾರಾದರೂ ಬಂದರೆ ಸಾಕು, "ಮದುವೆ ಮಾತುಕತೆಯಲ್ಲಿ ಇವಳಪ್ಪ ಹೇಳಿದ ವಯಸ್ಸು ಬೇರೆ, ಆಮೇಲೆ ಕೈಗೆ ಸಿಕ್ಕ ದಾಖಲೆಯಲ್ಲಿರೋದು ಬೇರೆ. ಮಾಡೆಲ್ ಸ್ವಲ್ಪ ಹಳೇದು!" ಅಂತ ನಗುತ್ತಿದ್ದ. ಬಂದವರೂ ಹಲ್ಲು ಕಿರಿಯುತ್ತಿದ್ದರು. ಅತ್ತೆಯೂ ನಕ್ಕು, ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಇಪ್ಪತ್ತೈದು ವರ್ಷ ಅದೇ ಜೋಕಿಗೆ ನಕ್ಕ ಹೆಂಗಸು ಅವಳು.

ಇನ್ನು ಲಾರಿಯ ವಿಷಯ. ಅಪ್ಪ ಅದನ್ನು ಕೊಂಡಾಗಲೇ ಅದು ಹಳೆಯದು. ಮೂತಿ ಮುಂದಕ್ಕೆ ಚಾಚಿದ, ದುಂಡು ಮಡ್‌ಗಾರ್ಡಿನ ಲಾರಿ. ಇಟ್ಟಿಗೆ, ಮರಳು, ಮನೆ ಖಾಲಿ ಮಾಡುವವರ ಮಂಚ ಬೀರು, ಎಲ್ಲ ಹೊತ್ತಿದೆ. ಅಪ್ಪನ ಮೊಣಕಾಲು ಸೋತ ಮೇಲೆ ಅದಕ್ಕೆ ಬಾಡಿಗೆ ಕೆಲಸ ನಿಂತಿತು, ಆದರೂ ಅಪ್ಪ ಅದನ್ನು ಮಾರಲಿಲ್ಲ. ಮನೆ ಪಕ್ಕದಲ್ಲಿ ತಗಡು ಹೊದಿಸಿ ನಿಲ್ಲಿಸಿಕೊಂಡ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ, ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದ. ತುಕ್ಕು ಹಿಡಿಯಬಾರದು ಅಂತ ತೊಲೆಗಳಿಗೆಲ್ಲ ದಪ್ಪಗೆ ಗ್ರೀಸ್ ಮೆತ್ತಿದ್ದ. ಅಮ್ಮ, "ನನ್ನ ಮೊಣಕಾಲಿಗೆ ಒಂದು ದಿನವಾದ್ರೂ ಎಣ್ಣೆ ಹಚ್ಚಿದಾರಾ ಕೇಳು" ಅಂತ ರೇಗಿಸುತ್ತಿದ್ದಳು.

ಆಮೇಲೆ ಹೊಸ ನಿಯಮ ಬಂತು. ಇಷ್ಟು ಹಳೆಯ ಗಾಡಿಗಳನ್ನು ಒಂದೋ ಪರಿಶೀಲನೆ ಮಾಡಿಸಿ, ಹಳೆ ಕಾಲದ ವಾಹನ ಅಂತ ಹೊಸ ಪತ್ರ ಪಡೆಯಬೇಕು, ಇಲ್ಲವೇ ಗುಜರಿಗೆ ಹಾಕಬೇಕು. ಅಪ್ಪ ಹೆದರಲಿಲ್ಲ. ಅವನ ಹತ್ತಿರ ಎಲ್ಲ ಇತ್ತು. ಆರ್‌ಸಿ ಪುಸ್ತಕ, ಮಾರಿದವನು ಸಹಿ ಹಾಕಿದ ಪತ್ರ, ನಡುವೆ ಒಮ್ಮೆ ಇಂಜಿನ್ ಬದಲಾಯಿಸಿದ್ದಕ್ಕೆ ಕಚೇರಿಯವರೇ ಒತ್ತಿಕೊಟ್ಟ ಮುದ್ರೆ, ಎಲ್ಲ. ಇಲ್ಲದೇ ಇದ್ದದ್ದು ಒಂದೇ, ಚಾಸಿ ನಂಬರನ್ನು ಅವನು ಯಾವತ್ತೂ ಕಣ್ಣಿಂದ ನೋಡಿರಲಿಲ್ಲ. ಯಾವ ಡ್ರೈವರು ನೋಡುತ್ತಾನೆ? ಅವರಿಗೆ ಬೇಕಾದ್ದು ನಂಬರ್ ಪ್ಲೇಟು. ಚಾಸಿಯದ್ದು ಪುಸ್ತಕದಲ್ಲಿತ್ತು, 90816 ಅಂತ. ಅಷ್ಟು ಸಾಕಾಗಿತ್ತು.

"ನಿನ್ನ ತಮ್ಮನಿಗೆ ಹೇಳಬೇಡ. ಸುಮ್ಮನೆ ಅವನಿಗೆ ಇಕ್ಕಟ್ಟು. ಬೇರೆ ಯಾರಾದ್ರೂ ನೋಡಲಿ" ಅಂತ ಅಪ್ಪನೇ ಅಮ್ಮನಿಗೆ ಹೇಳಿದ್ದ. ಅರ್ಜಿ ಬೇರೆ ಅಧಿಕಾರಿಯ ಮೇಜಿಗೇ ಹೋಗಿತ್ತು. ಅದನ್ನು ಕೇಳಿ ತನ್ನ ಮೇಜಿಗೆ ತರಿಸಿಕೊಂಡವನು ಮಾವ. "ನಮ್ಮ ಮನೆ ಗಾಡಿ ಇನ್ನೊಬ್ಬರು ಪಾಸ್ ಮಾಡಿದ್ರೆ, ಒಳಗಿಂದ ನಾನೇ ಹೇಳಿಸಿದೆ ಅಂತಾರೆ. ನಾನೇ ನೋಡ್ತೀನಿ" ಅಂದನಂತೆ. ಅಮ್ಮನಿಗೆ ಇದು ಪ್ರೀತಿಯ ಹಾಗೆ ಕಂಡಿತು, ಪಾಪ.

ಪರಿಶೀಲನೆಯ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಲಾರಿಗೆ ಸ್ನಾನ ಮಾಡಿಸಿ, ತಾನೇ ಓಡಿಸಿಕೊಂಡು ಹೊರಟ. ಪಕ್ಕದಲ್ಲಿ ನಾನು. ಕಚೇರಿಯ ಹಿಂದಿನ ಅಂಗಳದಲ್ಲಿ ನಿಲ್ಲಿಸಿ ಇಳಿದು, "ಬಾಪ್ಪಾ, ತಿಂಡಿ ಆಯ್ತಾ?" ಅಂದ. ಮಾವ ಫೈಲಿನಿಂದ ತಲೆ ಎತ್ತಲಿಲ್ಲ.

"ಅರ್ಜಿದಾರರು ಗೆರೆಯ ಆಚೆ ನಿಲ್ಲಿ" ಅಂದ.

ಅಪ್ಪ ಹಿಂದೆ ತಿರುಗಿ ನೋಡಿದ, ಬೇರೆ ಯಾರಿಗೋ ಹೇಳುತ್ತಿದ್ದಾನೆ ಅಂತ. ಆಮೇಲೆ ತಮಾಷೆ ಅಂದುಕೊಂಡು ನಕ್ಕ. ನಗುತ್ತಲೇ ಗೆರೆಯ ಆಚೆ ಹೋಗಿ ಕೈಕಟ್ಟಿ ನಿಂತ. ಅವತ್ತು ಪೂರ್ತಿ ಮಾವನ ಬಾಯಲ್ಲಿ ಭಾವ ಅನ್ನುವ ಶಬ್ದ ಬರಲಿಲ್ಲ. ಅರ್ಜಿದಾರರು, ಅರ್ಜಿದಾರರು. ನನ್ನ ಮೈ ಉರಿದು ಹೋಯಿತು.

ಇಂಜಿನ್ ನಂಬರು ಸರಿಬಂತು. ಚಾಸಿ ನಂಬರು ಮುಂದಿನ ಬಲಗಾಲಿಯ ಹಿಂದೆ, ತೊಲೆಯ ಹೊರಮೈ ಮೇಲಿತ್ತು. ಅದನ್ನು ನೋಡಬೇಕಾದರೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಬಗ್ಗಬೇಕು. ಮಾವನಿಗೆ ಸೊಂಟ ಹಿಡಿದಿತ್ತು, ಬೆಲ್ಟ್ ಬಿಗಿದುಕೊಂಡು ಬಂದಿದ್ದ. ನೆಲದ ಮೇಲೆ ಬೇರೆ ಗಾಡಿಗಳ ಎಣ್ಣೆ ಕೆಸರಿನೊಂದಿಗೆ ಕಲೆಸಿಹೋಗಿತ್ತು. ಕೂರಲು ಹೋದವನು ಮುಖ ಕಿವುಚಿ ಎದ್ದ. ಆಮೇಲೆ ಬಾನೆಟ್ ತೆಗೆಸಿ, ಬಂಪರಿನ ಮೇಲೆ ಹತ್ತಿ ನಿಂತು, ಮಡ್‌ಗಾರ್ಡಿನ ಮೇಲೆ ಹೊಟ್ಟೆ ಒರಗಿಸಿ, ಗಾಲಿಯ ಸಂದಿಯಲ್ಲಿ ತಲೆ ಕೆಳಗೆ ಇಳಿಬಿಟ್ಟ. ಬಟ್ಟೆ ಒಯ್ದ, ಒರೆಸಿದ. ಕಾಗದ ಒಯ್ದ, ಉಜ್ಜಿದ. ಬಾಣ ಎಳೆದ. ಮೇಲೆ ಎದ್ದಾಗ ತಲೆಗೆ ರಕ್ತ ಇಳಿದು ಮುಖ ಕೆಂಪಗಾಗಿತ್ತು.

ಗುಮಾಸ್ತ ಪುಸ್ತಕ ಓದಿದ. "ಒಂಬತ್ತು, ಸೊನ್ನೆ, ಎಂಟು, ಒಂದು, ಆರು."

ಮಾವ ಕಾಗದ ಓದಿದ. "ಒಂಬತ್ತು, ಒಂದು, ಎಂಟು, ಸೊನ್ನೆ, ಆರು."

ಅಪ್ಪ ಗೆರೆಯ ಆಚೆಯಿಂದಲೇ, "ಇನ್ನೊಂದ್ಸಲ ನೋಡಪ್ಪಾ" ಅಂದ.

"ಅರ್ಜಿದಾರರು ಅಧಿಕಾರಿಗೆ ಕೆಲಸ ಹೇಳಿಕೊಡೋದು ಬೇಡ" ಅಂತ ಮಾವ ಪೆನ್ನು ತೆಗೆದ. ಚಾಸಿ ನಂಬರು ಹೊಂದುತ್ತಿಲ್ಲ. ತಿದ್ದಿರುವ ಶಂಕೆ ಇದೆ. ವಾಹನ ಅರ್ಜಿದಾರರದ್ದೆಂದು ರುಜುವಾತಾಗಿಲ್ಲ. ಇಷ್ಟನ್ನು ಗುಂಡಗಿನ ಅಕ್ಷರದಲ್ಲಿ ಬರೆದು, ಲಾರಿಯ ಬೀಗದ ಕೈಯನ್ನು ಅಲ್ಲೇ ವಶಕ್ಕೆ ತಗೊಂಡ. ಅಪ್ಪ ಮತ್ತು ನಾನು ಬಸ್ಸಿನಲ್ಲಿ ಮನೆಗೆ ಬಂದೆವು. ಬಸ್ಸಿನಲ್ಲಿ ಅಪ್ಪನಿಗೆ ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತಲೇ ತಿಳಿಯಲಿಲ್ಲ.

ಪೊಲೀಸರು ಅಪ್ಪನನ್ನು ಕರೆಸಿ ಕೂರಿಸಿದರು. ಯಾರಿಂದ ತಗೊಂಡೆ, ಅವನೆಲ್ಲಿ, ಅವನಿಗೆ ಯಾರು ಕೊಟ್ಟಿದ್ದು. ಮಾರಿದವನು ಸತ್ತು ಎಷ್ಟೋ ಕಾಲವಾಗಿತ್ತು. ಕೊನೆಗೆ ಕೇಸು ಹಾಕಲಿಲ್ಲ. ಕಳ್ಳ ಅಂತಲೂ ಬರೆಯಲಿಲ್ಲ, ಅಲ್ಲ ಅಂತಲೂ ಬರೆಯಲಿಲ್ಲ. ಆ ಕೆಲಸವನ್ನು ಊರವರು ಮಾಡಿದರು. ಜೊತೆಯ ಡ್ರೈವರುಗಳು ಅಪ್ಪ ಕಂಡರೆ, "ಏನಣ್ಣಾ, ಇಷ್ಟು ವರ್ಷ ನಮಗೂ ಹೇಳದೆ ಹೊಟ್ಟೆಯಲ್ಲಿ ಇಟ್ಕೊಂಡಿದ್ದೆಯಲ್ಲ!" ಅನ್ನುತ್ತಿದ್ದರು. ಅಪ್ಪ ಲಾರಿ ಅಡ್ಡೆಗೆ ಹೋಗುವುದನ್ನೇ ಬಿಟ್ಟ.

ಇದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಇನ್ನೊಂದು. ಅಪ್ಪ ತನ್ನನ್ನೇ ಅನುಮಾನಿಸಲು ಶುರುಮಾಡಿದ. ಖಾಲಿ ತಗಡಿನ ಕೆಳಗೆ ಕೂತು, "ಅವತ್ತು ಮಾರಿದೋನು ಯಾಕೋ ತುಂಬಾ ಅವಸರ ಮಾಡಿದ್ದ" ಅನ್ನುತ್ತಿದ್ದ. "ಯಾರದೋ ಹೊಟ್ಟೆಪಾಡಿನ ಗಾಡಿ ಇರಬೇಕು. ಕಳಕೊಂಡೋನು ಎಷ್ಟು ಅತ್ತನೋ. ನಾನು ಮಜವಾಗಿ ಓಡಿಸ್ಕೊಂಡು ತಿಂದೆ." ನಾನು ರೇಗಿದರೆ, "ನಿಂಗೆ ಗೊತ್ತಿಲ್ಲ ಸುಮ್ನಿರು. ಅವನು ನಂಬರು ನೋಡೋದ್ರಲ್ಲಿ ತಪ್ಪೋನಲ್ಲ" ಅನ್ನುತ್ತಿದ್ದ. ಆ ಲಾರಿ ನಿನ್ನದೇ ಅಂತ ಒಮ್ಮೆ, ಒಂದೇ ಒಂದು ಸಲ ಯಾರಾದರೂ ಅವನಿಗೆ ಹೇಳಿದ್ದರೆ ಸಾಕಿತ್ತು. ಅದು ಮರಳಿ ಬರದೇ ಹೋದರೂ ಪರವಾಗಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ನಾನು ಮಾವನ ಮನೆಗೆ ಹೋದೆ. ಇನ್ನೊಮ್ಮೆ ನೋಡಿ ಅಂತ ಕಾಲು ಹಿಡಿಯಲೂ ತಯಾರಾಗಿ ಹೋಗಿದ್ದೆ. ಅವನು ಊಟದ ಮೇಜಿನ ಆ ಕಡೆ ಕೂತಿದ್ದ, ನಾನು ಈ ಕಡೆ. ನನ್ನ ಬಾಯಿ ಮುಚ್ಚಿಸಲು ಚೀಲದಿಂದ ಫೈಲು ತೆಗೆದು ನಡುವೆ ಬಿಚ್ಚಿಟ್ಟ. "ನೋಡು. ನಾನು ಹೇಳ್ತಿರೋದಲ್ಲ, ಕಬ್ಬಿಣ ಹೇಳ್ತಿರೋದು. ಒಂಬತ್ತು, ಒಂದು, ಎಂಟು..." ಅಂತ ಬೆರಳಿಂದ ಒಂದೊಂದೇ ಅಂಕಿ ಕುಟ್ಟಿದ.

ಫೈಲು ಅವನ ಕಡೆಗೆ ತಿರುಗಿತ್ತು. ನನಗೆ ಅದು ತಲೆಕೆಳಗು. ನಾನು ಕಂಡದ್ದು 90816.

ಮತ್ತೊಮ್ಮೆ ಓದಿದೆ. ಸೊನ್ನೆ ತಿರುಗಿಸಿದರೂ ಸೊನ್ನೆ, ಎಂಟು ತಿರುಗಿಸಿದರೂ ಎಂಟು. ಹಳೆಯ ಅಚ್ಚಿನ ಒಂದು ಅಂದರೆ ಬರೀ ಗೀಟು. ಆರು ತಿರುಗಿದರೆ ಒಂಬತ್ತು, ಒಂಬತ್ತು ತಿರುಗಿದರೆ ಆರು. ಅಪ್ಪನ ಲಾರಿಗೆ ಬಿದ್ದ ಐದು ಅಂಕಿಯೂ ಅಂಥವೇ.

"ಮಾವ, ಇದನ್ನ ತಿರುಗಿಸಿ ನೋಡಿ" ಅಂದೆ.

ಅವನು ತಿರುಗಿಸಿದ. ನೋಡಿದ. ಆ ಮುಖವನ್ನು ನಾನು ನೋಡುತ್ತಲೇ ಇದ್ದೆ. ಅವನಿಗೆ ಎಲ್ಲ ಹೊಳೆಯಿತು, ಕುಡಿದ ನೀರು ಗಂಟಲಲ್ಲಿ ಇಳಿಯುವುದು ಕಾಣುವ ಹಾಗೆ ಕಾಣುತ್ತಿತ್ತು. ನಿಧಾನವಾಗಿ ಫೈಲನ್ನು ಮೊದಲಿನ ಹಾಗೆ ತಿರುಗಿಸಿಕೊಂಡ.

"ಬಾಣ ಇದೆಯಲ್ಲ" ಅಂದ. "ಬಾಣ ಇರೋ ಕಡೆ ಮೇಲೆ."

"ಬಾಣ ನಿಮ್ಮ ತಲೆ ಕಡೆಗೆ ಮಾವ. ಅವತ್ತು ನಿಮ್ಮ ತಲೆ ಕೆಳಗಿತ್ತು. ಮಡ್‌ಗಾರ್ಡಿನ ಮೇಲಿಂದ ನೇತಾಡ್ತಿದ್ರಿ. ನಾನೇ ನೋಡಿದೀನಿ."

ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ, "ರೀ, ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ಗಾಡಿ ಇನ್ನೂ ಅಲ್ಲೇ ಇದೆಯಲ್ಲ" ಅಂದಳು. ಅವಳು ಅವನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನೋಡಿ? ನೋಡಿ ಏನು ಬರೀಲಿ?" ಮಾವನ ದನಿ ಏರಿತು. "ಅಕ್ಕನ ಮಗಳು ಮನೆಗೆ ಬಂದಳು, ಆಮೇಲೆ ವರದಿ ತಿರುಗಿತು ಅಂತ ಬರೀಲಾ? ಒಂದು ಲೋಟ ಚಹಾ ಮುಟ್ಟದೆ ಇಷ್ಟು ವರ್ಷ ಕಾಪಾಡಿಕೊಂಡ ಹೆಸರು. ಒಂದು ಗುಜರಿ ಲಾರಿಗೋಸ್ಕರ ಮಣ್ಣು ಮಾಡ್ಕೊಳ್ಳಲಾ?"

"ಅಪ್ಪನ ಹೆಸರು?"

"ಅವರು ಡ್ರೈವರು. ಅವರಿಗೆ ಯಾವ ಹೆಸರು?" ಅಂದುಬಿಟ್ಟ. ಅಂದದ್ದು ಅತಿಯಾಯಿತು ಅಂತ ಅವನಿಗೇ ಅನ್ನಿಸಿರಬೇಕು, ಎದ್ದು ಹೋಗಿ ಕೈ ತೊಳೆಯತೊಡಗಿದ. ಇನ್ನೂ ಊಟವನ್ನೇ ಬಡಿಸಿರಲಿಲ್ಲ.

ನಾನು ಬಿಡಲಿಲ್ಲ. ದೊಡ್ಡ ಸಾಹೇಬರಿಗೆ ಆಕ್ಷೇಪಣೆ ಬರೆದುಕೊಟ್ಟೆ. ಕಾಗದ ತಲೆಕೆಳಗಾಗಿದೆ, ದಯವಿಟ್ಟು ಗಾಡಿಯನ್ನೇ ನೋಡಿ ಅಂತ. ಸಾಹೇಬರು ನಿಯಮದ ಪ್ರಕಾರ ಅದನ್ನು ಪರಿಶೀಲಿಸಿದ ಅಧಿಕಾರಿಯ ಅಭಿಪ್ರಾಯಕ್ಕೆ ಕಳಿಸಿದರು. ಅಂದರೆ ಮಾವನಿಗೆ! ನಗಬೇಕೋ ಅಳಬೇಕೋ. ಕೆಲವು ವಾರದ ಮೇಲೆ ಉತ್ತರ ಬಂತು. ಮರುಪರಿಶೀಲಿಸಲಾಯಿತು. ಹಿಂದಿನ ವರದಿಯಲ್ಲಿ ಬದಲಾವಣೆ ಇಲ್ಲ.

ಕೂತಲ್ಲೇ ಬರೆದಿರುತ್ತಾನೆ, ಗಾಡಿಯ ಹತ್ತಿರ ಸುಳಿದೂ ಇರುವುದಿಲ್ಲ ಅಂತ ನಾನು ಅಂಗಳದ ಕಾವಲುಗಾರನನ್ನು ಕೇಳಲು ಹೋದೆ. ಅವನು, "ಇಲ್ಲಮ್ಮಾ, ರಜೆ ದಿನ ಒಬ್ಬರೇ ಬಂದಿದ್ರು. ಗೋಣಿಚೀಲ ಕೇಳಿ ಇಸ್ಕೊಂಡು ನೆಲದ ಮೇಲೆ ಹಾಸ್ಕೊಂಡು ಕೂತ್ರು. ಸೊಂಟ ನೋವು ಅಂತ ನರಳ್ತಾ ಇದ್ರು ಪಾಪ. ಕರ್ಚೀಫಲ್ಲಿ ಒರೆಸಿ ಒರೆಸಿ ತುಂಬಾ ಹೊತ್ತು ನೋಡಿದ್ರು" ಅಂದ.

ಅಂದರೆ ನೋಡಿದ್ದಾನೆ. ನೆಟ್ಟಗೆ ಕೂತು, ತಲೆ ಮೇಲಿಟ್ಟುಕೊಂಡು, 90816 ಅಂತ ಓದಿ, ಎದ್ದು ಹೋಗಿ ಬದಲಾವಣೆ ಇಲ್ಲ ಅಂತ ಬರೆದಿದ್ದಾನೆ. ಅಲ್ಲಿಯವರೆಗೆ ನಾನು ಅವನನ್ನು ಅಹಂಕಾರಿ ಅಂದುಕೊಂಡಿದ್ದೆ. ಅವತ್ತಿನಿಂದ ಬೇರೆ ಮಾತು ಹುಡುಕುತ್ತಿದ್ದೇನೆ, ಬರೆಯುವಂಥದ್ದು ಸಿಕ್ಕಿಲ್ಲ.

ಮಾಲೀಕ ಯಾರೆಂದು ರುಜುವಾತಾಗದ ಗಾಡಿಯನ್ನು ಗುಜರಿಗೆ ಹಾಕುತ್ತಾರೆ. ಕಚೇರಿಯಿಂದ ದಿನ ತಿಳಿಸಿ ಕಾಗದ ಬಂತು. ವರದಿ ತಿದ್ದಿಸಿಯೇ ಹೇಳೋಣ ಅಂತ ತಡೆದಿದ್ದ ನಾನು ಆಗ ಅಪ್ಪನಿಗೆ ಎಲ್ಲ ಹೇಳಿದೆ. ಬಾಣ, ಮಡ್‌ಗಾರ್ಡು, ಊಟದ ಮೇಜು, ಗೋಣಿಚೀಲ. 90816 ಅಂತ ದೊಡ್ಡದಾಗಿ ಬರೆದು ತಿರುಗಿಸಿ ತೋರಿಸಿದೆ. ಅಪ್ಪ ಆ ಚೀಟಿಯನ್ನು ಈ ಕಡೆ ಆ ಕಡೆ ತಿರುಗಿಸುತ್ತಾ ಕೂತ. ಎಷ್ಟೋ ದಿನದ ಮೇಲೆ ಅವನ ಮುಖದಲ್ಲಿ ಒಂದು ಚೂರು ಕಳೆ ಬಂತು.

"ಹಾಗಾದ್ರೆ ಅದು ನಂದೇ ಇರಬಹುದು" ಅಂದ. "ಇರಬಹುದು ಅಲ್ಲಪ್ಪಾ, ನಿಂದೇ" ಅಂದೆ. "ಅವನನ್ನೇ ಕೇಳ್ತೀನಿ ಬಿಡು" ಅಂದ. "ಮುಖ ನೋಡಿ ಕೇಳಿದ್ರೆ ನನ್ನ ಹತ್ರ ಸುಳ್ಳು ಹೇಳಲ್ಲ. ನನ್ನ ಕೈಲಿ ಬೆಳೆದೋನು."

ಗುಜರಿ ಅಂಗಳಕ್ಕೆ ಬೇಗನೇ ಹೊರಟೆವು, ಆದರೆ ಅವರು ನಮಗಿಂತ ಮುಂಚೆ ಶುರುಮಾಡಿದ್ದರು. ಗಾಡಿ ಒಡೆಯುವಾಗ ಮೊದಲು ನಂಬರು ಇರುವ ತುಂಡನ್ನು ಕತ್ತರಿಸಿ ಅಧಿಕಾರಿಗೆ ಒಪ್ಪಿಸಬೇಕು, ಆ ನಂಬರು ಬೇರೆ ಗಾಡಿಗೆ ಹೋಗಬಾರದು ಅಂತ. ನಾವು ಹೋಗುವಷ್ಟರಲ್ಲಿ ಮುಂದಿನ ಬಲಗಾಲಿ ಬಿಚ್ಚಿ ಬಿದ್ದಿತ್ತು. ತೊಲೆಯಲ್ಲಿ ಅಂಗೈಯಗಲದ ತೂತು. ತುಂಡು ಮಾವನ ಕೈಯಲ್ಲಿತ್ತು, ಇನ್ನೂ ಬೆಚ್ಚಗಿದ್ದಿರಬೇಕು, ಬಟ್ಟೆ ಸುತ್ತಿ ಹಿಡಿದಿದ್ದ. ಗ್ಯಾಸಿನ ಉರಿಗೆ ನಾಲ್ಕು ಅಂಚೂ ಕರಗಿ ಒಂದೇ ಥರ ಆಗಿದ್ದವು.

ಅಪ್ಪ ನೇರ ಅವನ ಹತ್ತಿರ ಹೋದ. "ಒಂದ್ಸಲ ಕೊಡಪ್ಪಾ, ನೋಡ್ತೀನಿ."

ಮಾವ ಕೊಟ್ಟ. ಅಪ್ಪ ಅಷ್ಟು ವರ್ಷದಲ್ಲಿ ಮೊದಲ ಸಲ ತನ್ನ ಲಾರಿಯ ನಂಬರನ್ನು ನೋಡಿದ. ಒಂದು ಕಡೆ ಹಿಡಿದು ಓದಿದ, ಹೆಬ್ಬೆರಳು ಆಡಿಸಿದ. ತಿರುಗಿಸಿ ಇನ್ನೊಂದು ಕಡೆ ಹಿಡಿದು ಓದಿದ. ಆಮೇಲೆ ತಲೆ ಎತ್ತಿ ಮಾವನ ಮುಖ ನೋಡಿದ.

"ಇದರಲ್ಲಿ ಯಾವ ಕಡೆ ಮೇಲೆ? ನೀನು ನೋಡಿದೀಯಲ್ಲ, ಹೇಳು."

ಮಾವ ನನ್ನ ಕಡೆ ನೋಡಲಿಲ್ಲ. ದೊಡ್ಡ ಸಾಹೇಬರು ಕೊಡೆ ಹಿಡಿದು ಸ್ವಲ್ಪ ದೂರದಲ್ಲೇ ನಿಂತಿದ್ದರು. ಮಾವ ಅಪ್ಪನ ಕೈಯಲ್ಲಿದ್ದ ತುಂಡನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ ಇಟ್ಟ.

"ಇದು ಮೇಲೆ, ಭಾವ" ಅಂದ.

ಭಾವ ಅಂದ. ಅಷ್ಟು ದಿನದ ಮೇಲೆ, ಆ ಹೊತ್ತಿನಲ್ಲಿ, ಆ ಕೆಲಸಕ್ಕೆ ಆ ಶಬ್ದವನ್ನು ತೆಗೆದ. ಅಪ್ಪ ಓದಿದ. 91806.

"ಸುಳ್ಳು!" ಅಂತ ನಾನು ಕಿರುಚಿದೆ. "ಅಪ್ಪಾ, ಸುಳ್ಳು ಹೇಳ್ತಿದಾರೆ, ಅವರಿಗೆ ಗೊತ್ತು!" ತುಂಡನ್ನು ಕಿತ್ತುಕೊಂಡು ತೊಲೆಯ ತೂತಿಗೆ ಹೊಂದಿಸಿ ನೋಡಿದೆ, ಕರಗಿದ ಅಂಚು ಹೇಗಿಟ್ಟರೂ ಕೂರಲಿಲ್ಲ. ಕತ್ತರಿಸಿದವನನ್ನು ಕೇಳಿದೆ. "ನಾನೇನು ಓದ್ತೀನಾ ತಾಯೀ, ಗೆರೆ ಹಾಕಿ ಕೊಟ್ಟಿದ್ರು, ಕೊಯ್ದೆ" ಅಂದ. ಅಪ್ಪ ನನ್ನ ಕೈಯಿಂದ ತುಂಡು ಬಿಡಿಸಿಕೊಂಡು ಮಾವನಿಗೆ ವಾಪಸ್ ಕೊಟ್ಟ. ನನಗೆ ಹೇಳಿದ್ದು ಒಂದೇ ಮಾತು. "ದೊಡ್ಡವರ ಎದುರಿಗೆ ಹೀಗೆಲ್ಲ ಕೂಗಬಾರದು." ಆಮೇಲೆ ಮಾವನ ಭುಜ ಮುಟ್ಟಿ, "ನಿನ್ನ ಮೇಲೆ ಅನುಮಾನ ಪಟ್ಟೆ. ಮನಸ್ಸಿಗೆ ಹಚ್ಚಿಕೋಬೇಡ" ಅಂದ. ಮಾವ ತುಂಡನ್ನು ಲಕೋಟೆಗೆ ಹಾಕಿ ಅಂಟಿಸಿದ.

ಕತ್ತರಿಸುವವನು ಕ್ಯಾಬಿನ್ನಿಗೆ ಹತ್ತಿದ್ದ. ಸೀಟು ಕಿತ್ತು ಕೆಳಗೆ ಎಸೆದು, ಅದರ ಹಿಂದೆ ಸಿಕ್ಕಿದ್ದನ್ನು ಕಿಟಕಿಯಿಂದ ಹೊರಗೆ ಹಿಡಿದ. ಮಡಚಿಟ್ಟ ಒಂದು ಟವೆಲು, ಒಂದು ಬಾಚಣಿಗೆ, ಅಪ್ಪನ ಹಳೆಯ ಕನ್ನಡಕ.

"ಇದ್ಯಾರದು? ತಗೊಳ್ಳಿ, ಇಲ್ಲಾಂದ್ರೆ ಬೆಂಕಿಗೆ ಹೋಗುತ್ತೆ" ಅಂತ ಕೂಗಿದ.

ಅಪ್ಪ ಆ ಕನ್ನಡಕವನ್ನು ನೋಡಿದ. ನೋಡಿ, ಬೇರೆಯವರ ಮನೆಯ ಬಾಗಿಲಲ್ಲಿ ನಿಂತವನ ಹಾಗೆ ಒಂದು ಹೆಜ್ಜೆ ಹಿಂದೆ ಸರಿದ.

"ನಮ್ದಲ್ಲಪ್ಪಾ" ಅಂದ. "ಯಾರದೋ."